ಯಾರನ್ನೂ ಕೇಳದೆ ಕೈಗೆ ಸಿಗೋ ಪುಸ್ತಕ: ಸ್ಕೂಲ್ ಲೈಬ್ರರಿ ಮತ್ತು ಎಲ್‌ಜಿಬಿಟಿಕ್ಯೂ ಮಕ್ಕಳು

ಅಮೆರಿಕದ ಸ್ಕೂಲ್ ಲೈಬ್ರರಿಗಳ ಬಗ್ಗೆ ನಾಲ್ಕೈದು ವರ್ಷದಿಂದ ನಮ್ಮ ಕಡೆ ಬರ್ತಿರೋ ಸುದ್ದಿ ಎಲ್ಲಾ ಒಂದೇ ಥರ. ಯಾವ ಪುಸ್ತಕ ತೆಗೆದ್ರು, ಸ್ಕೂಲ್ ಬೋರ್ಡ್ (ಊರಿನ ಸ್ಕೂಲುಗಳನ್ನ ನಡೆಸೋ ಸಮಿತಿ) ಮೀಟಿಂಗಲ್ಲಿ ಯಾರು ಕೂಗಾಡಿದ್ರು, ಯಾವ ಕೋರ್ಟ್ ಏನು ಹೇಳ್ತು. ಪೆನ್ ಅಮೆರಿಕ ಅನ್ನೋ ಬರಹಗಾರರ ಸಂಸ್ಥೆ ಇಟ್ಟಿರೋ ಲೆಕ್ಕದ ಪ್ರಕಾರ 2023-24ರ ಒಂದೇ ಶಾಲಾ ವರ್ಷದಲ್ಲಿ ಅಲ್ಲಿನ ಪಬ್ಲಿಕ್ ಸ್ಕೂಲುಗಳಲ್ಲಿ, ಅಂದ್ರೆ ಸರ್ಕಾರಿ ಸ್ಕೂಲುಗಳಲ್ಲಿ, 10,046 ಸಲ ಪುಸ್ತಕಗಳನ್ನ ತೆಗೆದಿದ್ದಾರೆ ಇಲ್ಲಾ ಮಕ್ಕಳ ಕೈಗೆ ಸುಲಭವಾಗಿ ಸಿಗದ ಹಾಗೆ ಮಾಡಿದ್ದಾರೆ, ಅದರ ಮುಂದಿನ ವರ್ಷ 6,870 ಸಲ. ಇದರಲ್ಲಿ ದೊಡ್ಡ ಪಾಲು ಗೇ, ಲೆಸ್ಬಿಯನ್, ಟ್ರಾನ್ಸ್, ಅಂದ್ರೆ ಒಟ್ಟಾಗಿ ಎಲ್‌ಜಿಬಿಟಿಕ್ಯೂ ಅನ್ನೋ ಮಕ್ಕಳ ಬಗ್ಗೆ ಇರೋ ಪುಸ್ತಕಗಳದ್ದು, ಇನ್ನೊಂದು ದೊಡ್ಡ ಪಾಲು ಕಪ್ಪು ಜನರ ಬಗ್ಗೆ ಇರೋವು. ಸರಿ, ಬ್ಯಾನ್ ಮಾಡೋದು ತಪ್ಪೋ ಸರಿಯೋ ಅನ್ನೋ ಜಗಳದಲ್ಲಿ ಎರಡೂ ಕಡೆಯವರು ಮುಳುಗಿಹೋಗಿದ್ದಾರೆ, ಆದ್ರೆ ಆ ಪುಸ್ತಕ ಶೆಲ್ಫಲ್ಲಿ ಇದ್ದಾಗ ಅದು ಆ ಮಗುವಿಗೆ ಮಾಡ್ತಿದ್ದ ಕೆಲಸ ಏನು ಅನ್ನೋದನ್ನ ನಿಂತು ನೋಡೋರು ಕಡಿಮೆ. ನಾನು ಇಲ್ಲಿ ಬರೀಬೇಕು ಅಂದ್ಕೊಂಡಿರೋದು ಅದನ್ನೇ. ಲೈಬ್ರರಿ ಈ ಮಕ್ಕಳಿಗೆ ಮಾಡೋ ಅತಿ ದೊಡ್ಡ ಉಪಕಾರ ಯಾರನ್ನೂ ಕೇಳದೆ ಪುಸ್ತಕ ತಗೊಳ್ಳೋಕೆ ಬಿಡೋದು. ಆ ಕೇಳದೇ ಇರೋ ಅವಕಾಶ ಹೋದ್ರೆ, ಪುಸ್ತಕ ಶೆಲ್ಫಲ್ಲಿ ಇದ್ರೂ ಇಲ್ಲದ ಲೆಕ್ಕವೇ.

ಯಾಕೆ ಅಂತ ಹೇಳ್ತೀನಿ. ಹದಿನಾಲ್ಕು ವರ್ಷದ ಒಬ್ಬ ಹುಡುಗ, ಒಂಬತ್ತನೇ ಕ್ಲಾಸು, ತನ್ನ ಜೊತೆಯವರೆಲ್ಲ ಹುಡುಗೀರ ಬಗ್ಗೆ ಮಾತಾಡುವಾಗ ತನಗೆ ಯಾಕೋ ಹಾಗನ್ನಿಸಲ್ಲ, ಮನಸ್ಸು ಹೋಗೋದು ಬೇರೆ ಕಡೆ ಅಂತ ಗೊತ್ತಾಗಿದೆ ಅಂದ್ಕೊಳ್ಳಿ. ಅವನು ಯಾರ ಹತ್ರ ಹೋಗ್ತಾನೆ? ಅಪ್ಪ ಅಮ್ಮನ ಹತ್ರ ಹೇಳೋಕೆ ಭಯ. ಕೌನ್ಸೆಲರ್ ಹತ್ರ ಹೋದ್ರೆ ಮನೆಗೆ ಫೋನ್ ಹೋಗಬಹುದು, ಈಗ ಕೆಲವು ರಾಜ್ಯಗಳಲ್ಲಿ ಮಗು ತನ್ನ ಜೆಂಡರ್ ಬಗ್ಗೆ ಏನಾದ್ರೂ ಹೇಳಿದ್ರೆ ಮನೆಗೆ ತಿಳಿಸಲೇಬೇಕು ಅನ್ನೋ ಕಾನೂನೂ ಬಂದಿದೆ. ಫ್ರೆಂಡಿಗೆ ಹೇಳಿದ್ರೆ ಮಾರನೇ ದಿನ ಇಡೀ ಸ್ಕೂಲಿಗೆ ಗೊತ್ತು. ಫೋನಲ್ಲಿ ಹುಡುಕೋಣ ಅಂದ್ರೆ ಅದು ಅಪ್ಪನ ಫ್ಯಾಮಿಲಿ ಪ್ಲಾನ್ ಫೋನು, ಮೇಲಿಂದ ಒಂದು ಸಲ ಹುಡುಕಿದ್ರೆ ಸಾಕು ವಾರಗಟ್ಟಲೆ ಅದೇ ಥರದ ವಿಡಿಯೋ ಮುಂದೆ ಬಂದು ಬೀಳ್ತಾವೆ, ಅದರಲ್ಲಿ ಒಳ್ಳೇದು ಯಾವುದು ಹೊಲಸು ಯಾವುದು ಅಂತ ಆ ವಯಸ್ಸಿಗೆ ಗೊತ್ತಾಗಲ್ಲ. ಈ ವಿಷಯದಲ್ಲಿ ಕಷ್ಟ ಇರೋದೇ ಇಲ್ಲಿ, ಕೇಳೋದು ಅಂದ್ರೆ ಹೇಳಿಕೊಂಡ ಹಾಗೇ. ಗಣಿತದ ಡೌಟ್ ಕೇಳಿದ್ರೆ ಗಣಿತ ಬರಲ್ಲ ಅಂತ ಗೊತ್ತಾಗುತ್ತೆ ಅಷ್ಟೆ, ಇದನ್ನ ಕೇಳಿದ್ರೆ ತಾನು ಯಾರು ಅನ್ನೋದೇ ಆಚೆ ಬರುತ್ತೆ, ಅದೂ ತನಗೇ ಇನ್ನೂ ಪೂರ್ತಿ ಗೊತ್ತಾಗೋಕೆ ಮುಂಚೆ. ಲೈಬ್ರರಿಯಲ್ಲಾದ್ರೆ ಏನೂ ಕೇಳಬೇಕಿಲ್ಲ. ನಡ್ಕೊಂಡು ಹೋಗಿ ಶೆಲ್ಫ್ ಮುಂದೆ ನಿಂತ್ಕೊಂಡ್ರೆ ಆಯ್ತು, ಬೇಡ ಅನ್ನಿಸಿದ್ರೆ ವಾಪಸ್ ಇಟ್ಟು ಪಕ್ಕದ ಕ್ರಿಕೆಟ್ ಪುಸ್ತಕಾನೋ ಡೈನೋಸಾರ್ ಪುಸ್ತಕಾನೋ ತಗೊಂಡು ಬರಬಹುದು, ಯಾರೂ ಯಾಕೆ ಅನ್ನಲ್ಲ.

ಇದು ಸಣ್ಣ ವಿಷಯ ಅಂತ ಅನ್ನಿಸಿದ್ರೆ ಈ ಅಂಕಿ ನೋಡಿ. ಟ್ರೆವರ್ ಪ್ರಾಜೆಕ್ಟ್ ಅನ್ನೋ ಸಂಸ್ಥೆ ಅಲ್ಲಿ ಪ್ರತಿ ವರ್ಷ 13ರಿಂದ 24 ವಯಸ್ಸಿನ ಎಲ್‌ಜಿಬಿಟಿಕ್ಯೂ ಹುಡುಗ ಹುಡುಗೀರ ಆನ್‌ಲೈನ್ ಸರ್ವೆ ಮಾಡುತ್ತೆ, 2024ರ ಸರ್ವೆಯಲ್ಲಿ ಹಿಂದಿನ ಒಂದು ವರ್ಷದಲ್ಲಿ ಆತ್ಮಹತ್ಯೆ ಬಗ್ಗೆ ಗಂಭೀರವಾಗಿ ಯೋಚಿಸಿದ್ದೆ ಅಂದವರು ನೂರಕ್ಕೆ 39 ಜನ, ಪ್ರಯತ್ನ ಮಾಡಿದ್ದೆ ಅಂದವರು 12 ಜನ. ಈ ಮಕ್ಕಳಿಗೆ ಅಂತಲೇ ಆತ್ಮಹತ್ಯೆ ತಡೆಯೋ 988 ಹೆಲ್ಪ್‌ಲೈನಲ್ಲಿ ಇದ್ದ ವಿಶೇಷ ಲೈನನ್ನ ಅಲ್ಲಿನ ಸರ್ಕಾರ 2025ರ ಜುಲೈ 17ಕ್ಕೆ ನಿಲ್ಲಿಸಿಬಿಡ್ತು. ಪುಸ್ತಕ ಓದಿದ ತಕ್ಷಣ ಮಗು ಉಳ್ಕೊಳ್ಳುತ್ತೆ ಅಂತ ಹೇಳೋ ಧೈರ್ಯ ನನಗಿಲ್ಲ, ಹಾಗೆ ಹೇಳೋದು ಸರಿಯೂ ಅಲ್ಲ. ಆದ್ರೆ ತಾನೊಬ್ಬನೇ ಹೀಗೆ, ತನಗೇನೋ ರೋಗ ಅನ್ನೋ ನಂಬಿಕೆ ಆ ವಯಸ್ಸಲ್ಲಿ ಎಷ್ಟು ಹಿಂಸೆ ಕೊಡುತ್ತೆ ಅನ್ನೋದು ಆ ದಾರಿ ದಾಟಿ ಬಂದವರನ್ನ ಕೇಳಿದ್ರೆ ಗೊತ್ತಾಗುತ್ತೆ, ಆ ನಂಬಿಕೆ ಒಡೆಯೋಕೆ ಒಂದು ಕತೆ ಪುಸ್ತಕ ಸಾಕಾಗಿದ್ದು ಎಷ್ಟೋ ಜನಕ್ಕೆ ಇದೆ. ಗ್ಲಿಸನ್ ಅನ್ನೋ ಇನ್ನೊಂದು ಸಂಸ್ಥೆ 2019ರಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಸ್ಟೂಡೆಂಟ್ಸನ್ನ ಕೇಳಿದಾಗ, ಕ್ಲಾಸ್ ಪಾಠದಲ್ಲಿ ತಮ್ಮಂಥವರ ಬಗ್ಗೆ ಒಳ್ಳೇ ರೀತಿಯಲ್ಲಿ ಕೇಳಿದ್ದೀವಿ ಅಂದವರು ಐದರಲ್ಲಿ ಒಬ್ಬರೂ ಇರಲಿಲ್ಲ, ಅದೇ ಸ್ಕೂಲ್ ಲೈಬ್ರರಿಯಲ್ಲಿ ಈ ವಿಷಯದ ಪುಸ್ತಕ ಸಿಗುತ್ತೆ ಅಂದವರು ಹೆಚ್ಚುಕಡಿಮೆ ಅರ್ಧ. ಅಂದ್ರೆ ಟೀಚರುಗಳು ಬಾಯಿ ಬಿಡೋಕೆ ಹಿಂಜರಿಯೋ ಕಡೆ ಲೈಬ್ರರಿ ಸುಮ್ಮನೆ ತನ್ನ ಪಾಡಿಗೆ ಆ ಕೆಲಸ ಮಾಡ್ಕೊಂಡು ಬಂದಿದೆ.

ಹಾಗಂತ ಲೈಬ್ರರಿ ಮೊದಲಿಂದಲೂ ಹೀಗೇ ಇರಲಿಲ್ಲ. ಬಾರ್ಬರಾ ಗಿಟಿಂಗ್ಸ್ ಅಂತ ಒಬ್ಬರಿದ್ದರು, 1932ರಲ್ಲಿ ಹುಟ್ಟಿದವರು, ಕಾಲೇಜಿಗೆ ಸೇರಿದ ಹೊಸದರಲ್ಲಿ ತಾನು ಲೆಸ್ಬಿಯನ್ ಇರಬಹುದು ಅನ್ನಿಸಿ ಅದೇನು ಅಂತ ತಿಳ್ಕೊಳ್ಳೋಕೆ ಲೈಬ್ರರಿಗೆ ಹೋದ್ರು. ಸಿಕ್ಕಿದ್ದೆಲ್ಲಾ ಮಾನಸಿಕ ರೋಗದ ಪುಸ್ತಕಗಳು, ವಿಕೃತಿ ಅನ್ನೋ ಹೆಡ್ಡಿಂಗ್ ಕೆಳಗೆ, ಯಾವುದರಲ್ಲೂ ಪ್ರೀತಿ ಅನ್ನೋ ಮಾತೇ ಇಲ್ಲ. ಕ್ಲಾಸ್ ಬಿಟ್ಟು ಲೈಬ್ರರಿಗಳಲ್ಲೇ ಹುಡುಕ್ತಾ ಕೂತು ಕೊನೆಗೆ ಆ ವರ್ಷ ಫೇಲ್ ಆದ್ರು. ಮುಂದೆ ಅವರು ಲೈಬ್ರೇರಿಯನ್ ಏನೂ ಆಗಲಿಲ್ಲ, ಆದ್ರೂ 1970ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಶನ್ ಒಳಗೆ ಸಲಿಂಗ ಪ್ರೇಮಿಗಳ ಒಂದು ಗುಂಪು ಶುರುವಾದಾಗ ಬಂದು ಸೇರ್ಕೊಂಡು ವರ್ಷಗಟ್ಟಲೆ ಅದನ್ನ ನಡೆಸಿದ್ರು. ಒಳ್ಳೇ ಪುಸ್ತಕಗಳ ಪಟ್ಟಿ ಮಾಡಿ ಲೈಬ್ರರಿಗಳಿಗೆ ಹಂಚಿದ್ದು, 1971ರಿಂದ ಇಂಥ ಪುಸ್ತಕಗಳಿಗೆ ಪ್ರಶಸ್ತಿ ಕೊಡೋಕೆ ಶುರು ಮಾಡಿದ್ದು, ಕ್ಯಾಟಲಾಗಲ್ಲಿ ಈ ವಿಷಯವನ್ನ ವಿಕೃತ ಲೈಂಗಿಕತೆ ಅನ್ನೋ ಜಾಗದಿಂದ ಎತ್ತಿಸಿದ್ದು, ಎಲ್ಲಾ ಆ ಗುಂಪಿನವರು ಮತ್ತು ಅವರ ಜೊತೆ ನಿಂತ ಲೈಬ್ರೇರಿಯನ್‌ಗಳು ಹಟ ಹಿಡಿದು ಮಾಡಿದ ಕೆಲಸ. ಕ್ಯಾಟಲಾಗ್ ವಿಷಯ ತುಂಬಾ ಜನಕ್ಕೆ ಸಣ್ಣದು ಅನ್ನಿಸುತ್ತೆ. ಆದ್ರೆ ಒಂದು ಮಗು ತನ್ನನ್ನ ತಾನು ಹುಡುಕ್ತಾ ಹೋದಾಗ ಮೊದಲು ಕಣ್ಣಿಗೆ ಬೀಳೋದು ಕೊಲೆ, ಅತ್ಯಾಚಾರದ ಪುಸ್ತಕಗಳ ಪಕ್ಕದ ಶೆಲ್ಫ್ ಆದ್ರೆ, ಪುಸ್ತಕ ತೆಗೆಯೋಕೆ ಮುಂಚೆನೇ ಅದಕ್ಕೆ ಉತ್ತರ ಸಿಕ್ಕಿಬಿಟ್ಟಿರುತ್ತೆ.

ಈಗ ಒಳ್ಳೇ ಸ್ಕೂಲ್ ಲೈಬ್ರೇರಿಯನ್ ದಿನಾ ಏನು ಮಾಡ್ತಾರೆ ಅನ್ನೋದಕ್ಕೆ ಬರೋಣ, ಇದೇ ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾಗೋ ಭಾಗ.

ಮೊದಲನೇದು ಪುಸ್ತಕ ಎಲ್ಲಿಡಬೇಕು ಅನ್ನೋದು. ಎಲ್‌ಜಿಬಿಟಿಕ್ಯೂ ಪುಸ್ತಕಗಳಿಗೆ ಅಂತ ಒಂದು ಬೇರೆ ಶೆಲ್ಫ್ ಮಾಡಿ ಮೇಲೆ ಬಣ್ಣಬಣ್ಣದ ಬೋರ್ಡ್ ಹಾಕಿದ್ರೆ ನೋಡೋಕೆ ಚೆನ್ನಾಗಿರುತ್ತೆ, ಮಗುವಿಗೆ ಇಲ್ಲಿ ನನ್ನಂಥವರಿಗೂ ಜಾಗ ಇದೆ ಅಂತ ದೂರದಿಂದಲೇ ಗೊತ್ತಾಗುತ್ತೆ. ಆದ್ರೆ ಆ ಶೆಲ್ಫ್ ಮುಂದೆ ನಿಂತ್ಕೊಳ್ಳೋಕೆ ಧೈರ್ಯ ಬೇಕಲ್ಲ, ಅಲ್ಲಿ ನಿಂತರೆ ಕ್ಲಾಸಿನವರೆಲ್ಲ ನೋಡ್ತಾರೆ. ಪುಸ್ತಕದ ಬೆನ್ನಿಗೆ ಕಾಮನಬಿಲ್ಲಿನ ಸ್ಟಿಕರ್ ಅಂಟಿಸಿದ್ರೂ ಇದೇ ಕತೆ, ಬ್ಯಾಗಿಂದ ಆಚೆ ತೆಗೆದ ಕೂಡಲೇ ಸ್ಟಿಕರ್ ಮಾತಾಡುತ್ತೆ. ಅದಕ್ಕೇ ಅನುಭವ ಇರೋ ಎಷ್ಟೋ ಲೈಬ್ರೇರಿಯನ್‌ಗಳು ಕತೆ ಕಾದಂಬರಿಗಳನ್ನ ಉಳಿದ ಕತೆ ಕಾದಂಬರಿ ಜೊತೆಗೇ ಲೇಖಕರ ಹೆಸರಿನ ಅಕ್ಷರದ ಪ್ರಕಾರ ಸೇರಿಸಿಬಿಡ್ತಾರೆ, ಸ್ಟಿಕರ್ ಹಾಕಲ್ಲ, ಬದಲಿಗೆ ಕ್ಯಾಟಲಾಗಲ್ಲಿ ಹುಡುಕಿದ್ರೆ ಸಿಗೋ ಹಾಗೆ ವಿಷಯದ ಟ್ಯಾಗ್ ಸರಿಯಾಗಿ ಹಾಕಿಡ್ತಾರೆ, ಮಧ್ಯೆ ಮಧ್ಯೆ ಡಿಸ್ಪ್ಲೇ ಮಾಡುವಾಗ ಸ್ನೇಹ, ಫ್ಯಾಮಿಲಿ, ಮಿಸ್ಟರಿ ಅಂತ ಬೇರೆ ಯಾವುದೋ ವಿಷಯದ ಗುಂಪಲ್ಲಿ ಇವನ್ನೂ ನಾಲ್ಕು ಇಡ್ತಾರೆ. ಎರಡೂ ರೀತಿಗೆ ಅದರದ್ದೇ ಕಾರಣ ಇದೆ, ಊರು ನೋಡಿ ಮಾಡಬೇಕು, ಆದ್ರೆ ಮಗು ಹೆದರೋ ಊರಲ್ಲಿ ಸೇರಿಸಿ ಇಡೋದೇ ಸರಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು, ಬುಕ್‌ಮಾರ್ಕ್. ಕೆಲವು ಲೈಬ್ರರಿಗಳಲ್ಲಿ ಬಾಯಿಬಿಟ್ಟು ಕೇಳೋಕೆ ಕಷ್ಟ ಆಗೋ ವಿಷಯಗಳ ಪಟ್ಟಿ ಇರೋ ಒಂದು ಚೀಟಿಯನ್ನ ಟೇಬಲ್ ಮೇಲೆ, ಬಾಗಿಲ ಹತ್ರ ಇಟ್ಟಿರ್ತಾರೆ ಇಲ್ಲಾ ಗೋಡೆಗೆ ಪೋಸ್ಟರ್ ಮಾಡಿ ಹಾಕಿರ್ತಾರೆ. ಖಿನ್ನತೆ, ಅಪ್ಪ ಅಮ್ಮನ ಡೈವೋರ್ಸ್, ಕುಡಿತ, ಮನೇಲಿ ಹೊಡೆಯೋದು, ಮುಟ್ಟು, ಸಲಿಂಗ ಪ್ರೇಮ, ಜೆಂಡರ್, ಒಂದೊಂದರ ಮುಂದೆ ಡ್ಯೂಯಿ ನಂಬರ್, ಅಂದ್ರೆ ಲೈಬ್ರರಿಗಳು ಒಂದೊಂದು ವಿಷಯಕ್ಕೆ ಕೊಡೋ ಸಂಖ್ಯೆ. ಸೆಕ್ಶುವಾಲಿಟಿ ಮತ್ತು ಜೆಂಡರ್ ವಿಷಯದ ಪುಸ್ತಕ ಬೇಕಾದ್ರೆ 306.76 ಅಂತ ಹುಡುಕಬೇಕು. ಮಗು ಆ ನಂಬರ್ ಮನಸ್ಸಲ್ಲಿ ಇಟ್ಕೊಂಡು ಹೋಗಿ ತಾನೇ ತೆಗೆದುಕೊಳ್ಳುತ್ತೆ. ಈ ಚೀಟಿಯಲ್ಲಿ ನನಗೆ ಮೆಚ್ಚುಗೆ ಆಗೋದು ಎಲ್ಲಾ ಕಷ್ಟಗಳೂ ಒಟ್ಟಿಗೇ ಇರೋದು. ಯಾರು ಯಾವುದಕ್ಕೆ ಚೀಟಿ ತಗೊಂಡ್ರು ಅಂತ ಪಕ್ಕದಲ್ಲಿ ನಿಂತವರಿಗೂ ಗೊತ್ತಾಗಲ್ಲ.

ಆಮೇಲೆ ಇಶ್ಯೂ ಮಾಡಿಸ್ಕೊಳ್ಳೋದು. ಸ್ವಂತ ಸ್ಕ್ಯಾನ್ ಮಾಡಿ ತಗೊಂಡು ಹೋಗೋ ಮೆಷಿನ್ ಇದ್ರೆ ಕೌಂಟರಲ್ಲಿ ಕೂತ ಸೀನಿಯರ್ ಹುಡುಗಿಗೋ ಪಕ್ಕದ ಮನೆ ಆಂಟಿ ವಾಲಂಟಿಯರಿಗೋ ತೋರಿಸಬೇಕಾಗಿಲ್ಲ. ವಾಪಸ್ ಕೊಡೋದು ಲೇಟ್ ಆದ್ರೆ ಕ್ಲಾಸಲ್ಲಿ ಎಲ್ಲರ ಮುಂದೆ ಪುಸ್ತಕದ ಹೆಸರು ಓದಿ ಹೇಳೋ ಪದ್ಧತಿ ಕೆಲವು ಕಡೆ ಇತ್ತು, ಅದನ್ನ ಬಿಟ್ಟು ಮಡಿಸಿದ ಚೀಟಿ ಕೊಡೋದು. ವಾಪಸ್ ಬಂದ ಪುಸ್ತಕದ ಹಿಸ್ಟರಿ ಸಿಸ್ಟಮಲ್ಲಿ ಉಳಿಯದ ಹಾಗೆ ಸೆಟ್ಟಿಂಗ್ ಇಡೋದು. ಇಶ್ಯೂ ಮಾಡಿಸ್ದೇನೇ ಅಲ್ಲೇ ಮೂಲೆಯಲ್ಲಿ ಕೂತು ಓದಿ ಮುಗಿಸೋ ಮಕ್ಕಳೂ ಇರ್ತಾರೆ, ಒಂದೇ ಪುಸ್ತಕವನ್ನ ದಿನಾ ಲಂಚ್ ಬ್ರೇಕಲ್ಲಿ ಹದಿನೈದು ಪುಟ ಓದಿ ಬೇರೆ ಯಾವುದೋ ಶೆಲ್ಫಲ್ಲಿ ಬಚ್ಚಿಟ್ಟು ಹೋಗ್ತಾರೆ, ಗೊತ್ತಿರೋ ಲೈಬ್ರೇರಿಯನ್ ಆ ಪುಸ್ತಕ ಜಾಗ ತಪ್ಪಿದೆ ಅಂತ ಎತ್ತಿಡೋಕೆ ಹೋಗಲ್ಲ. ಲಂಚ್ ಬ್ರೇಕ್ ಅಂದ ಮೇಲೆ ಇನ್ನೊಂದು ಮಾತು, ಕ್ಯಾಂಟೀನಲ್ಲಿ ಯಾರ ಟೇಬಲ್ಲಲ್ಲೂ ಜಾಗ ಸಿಗದ ಮಗುವಿಗೆ, ಲಾಕರ್ ಹತ್ರ ತಳ್ಳಿಸಿಕೊಳ್ಳೋ ಮಗುವಿಗೆ ಆ ನಲವತ್ತು ನಿಮಿಷ ಹೋಗೋಕೆ ಇರೋ ಜಾಗ ಲೈಬ್ರರಿ ಒಂದೇ. ಅಲ್ಲಿ ಯಾಕೆ ಬಂದೆ ಅಂತ ಯಾರೂ ಕೇಳಲ್ಲ, ಓದೋಕೆ ಬಂದೆ ಅನ್ನೋ ಉತ್ತರ ಬಾಗಿಲಲ್ಲೇ ಸಿದ್ಧವಾಗಿದೆ.

ಪುಸ್ತಕದ ಜೊತೆಗೆ ಕಂಪ್ಯೂಟರೂ ಲೈಬ್ರರಿಯದ್ದೇ ಜವಾಬ್ದಾರಿ. ಕೇಂದ್ರದ ದುಡ್ಡು ಬೇಕಾದ್ರೆ ಸ್ಕೂಲುಗಳು ಇಂಟರ್ನೆಟ್ ಫಿಲ್ಟರ್ ಹಾಕಲೇಬೇಕು ಅಂತ ಅಲ್ಲಿ 2000ದಲ್ಲೇ ಕಾನೂನು ಬಂತು, ಅಶ್ಲೀಲ ಸೈಟ್ ತಡೆಯೋಕೆ, ಅದು ಬೇಕಾದದ್ದೇ. ಆದ್ರೆ ಫಿಲ್ಟರ್ ಕಂಪನಿಗಳ ಪಟ್ಟಿಯೊಳಗೆ ಏನಿದೆ ಅಂತ ಯಾರೂ ತೆಗೆದು ನೋಡ್ತಿರಲಿಲ್ಲ. ಮಿಸೌರಿಯ ಕ್ಯಾಮ್ಡೆನ್‌ಟನ್ ಅನ್ನೋ ಊರಿನ ಸ್ಕೂಲುಗಳಲ್ಲಿ ಇದ್ದ ಫಿಲ್ಟರ್ ಹೇಗಿತ್ತು ಅಂದ್ರೆ, ಎಲ್‌ಜಿಬಿಟಿ ಮಕ್ಕಳಿಗೆ ಧೈರ್ಯ ಹೇಳೋ ಸಂಸ್ಥೆಗಳ ಸೈಟುಗಳು ಓಪನ್ ಆಗ್ತಿರಲಿಲ್ಲ, ಸಲಿಂಗ ಪ್ರೇಮ ಪಾಪ, ಅದನ್ನ ವಾಸಿ ಮಾಡಬೇಕು ಅನ್ನೋ ಸೈಟುಗಳು ಧಾರಾಳವಾಗಿ ಓಪನ್ ಆಗ್ತಿದ್ವು. ಅಶ್ಲೀಲ ಅನ್ನೋದು ಎರಡರಲ್ಲೂ ಇಲ್ಲ, ಎರಡೂ ಬರೀ ಅಭಿಪ್ರಾಯ. ಬೇಕಾದ್ರೆ ಕೇಳಿ, ಓಪನ್ ಮಾಡಿಕೊಡ್ತೀವಿ ಅಂತ ಸ್ಕೂಲಿನವರು ಹೇಳಿದ್ರು, ಮತ್ತೆ ಅದೇ ಕೇಳೋ ಸಮಸ್ಯೆ ಬಂತು ನೋಡಿ. 2012ರಲ್ಲಿ ಫೆಡರಲ್ ಕೋರ್ಟ್ ಇದು ಒಂದು ಪಕ್ಷದ ಮಾತನ್ನ ಮಾತ್ರ ತಡೆಯೋದು, ಸಂವಿಧಾನಕ್ಕೆ ಒಪ್ಪಲ್ಲ ಅಂತು, ಹೀಗೆ ಕೇಳಿ ಪಡೆಯಬೇಕಾದ್ದೇ ಒಂದು ಕಳಂಕ ಹೊರಿಸಿದ ಹಾಗೆ ಅನ್ನೋದನ್ನೂ ಗಮನಿಸ್ತು. ಸ್ಕೂಲಿನವರು ಫಿಲ್ಟರ್ ಬದಲಾಯಿಸಬೇಕಾಯ್ತು.

ಕಾನೂನಿನ ಕಡೆಗೆ ಬಂದ್ರೆ ಈಗ ಪರಿಸ್ಥಿತಿ ರಾಜ್ಯಕ್ಕೊಂದು ಥರ ಆಗಿದೆ. 1982ರಲ್ಲಿ ಸುಪ್ರೀಂ ಕೋರ್ಟ್ ಪಿಕೋ ಅನ್ನೋ ಕೇಸಲ್ಲಿ, ಅದು ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್ ಸ್ಕೂಲ್ ಮಕ್ಕಳೇ ತಮ್ಮ ಬೋರ್ಡ್ ಮೇಲೆ ಹಾಕಿದ್ದ ಕೇಸು, ಪುಸ್ತಕದಲ್ಲಿರೋ ವಿಚಾರ ಹಿಡಿಸಲಿಲ್ಲ ಅಂತ ಮಾತ್ರಕ್ಕೆ ಬೋರ್ಡಿನವರು ಲೈಬ್ರರಿಯಿಂದ ಪುಸ್ತಕ ತೆಗೆಯೋ ಹಾಗಿಲ್ಲ ಅಂತ ಹೇಳಿತ್ತು, ಆದ್ರೆ ಆ ತೀರ್ಪಲ್ಲಿ ಬಹುಮತದ ಜಡ್ಜ್‌ಗಳೆಲ್ಲ ಒಂದೇ ಕಾರಣಕ್ಕೆ ಒಪ್ಪಿರಲಿಲ್ಲ, ಹಾಗಾಗಿ ಅದರ ಬುಡ ಮೊದಲಿಂದಲೂ ಸಡಿಲ. 2025ರ ಮೇನಲ್ಲಿ ಟೆಕ್ಸಸ್, ಲೂಸಿಯಾನಾ, ಮಿಸಿಸಿಪಿಗೆ ಸೇರಿದ ಐದನೇ ಸರ್ಕ್ಯೂಟ್ ಅನ್ನೋ ಫೆಡರಲ್ ಅಪೀಲು ಕೋರ್ಟ್ ಟೆಕ್ಸಸ್‌ನ ಲಾನೋ ಕೌಂಟಿ ಪಬ್ಲಿಕ್ ಲೈಬ್ರರಿ ಕೇಸಲ್ಲಿ 10-7ರಲ್ಲಿ, ಲೈಬ್ರರಿ ಪುಸ್ತಕ ತೆಗೆದದ್ದನ್ನ ಪ್ರಶ್ನೆ ಮಾಡೋ ಹಕ್ಕೇ ಓದುಗರಿಗೆ ಇಲ್ಲ ಅಂತು, ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಕೈಗೆತ್ತಿಕೊಳ್ಳಲ್ಲ ಅಂದಿತು. ಅಯೋವಾದಲ್ಲಿ ಲೈಂಗಿಕ ಕ್ರಿಯೆಯ ವರ್ಣನೆ ಇರೋ ಪುಸ್ತಕ ಸ್ಕೂಲಲ್ಲಿ ಇರಬಾರದು ಅನ್ನೋ 2023ರ ಕಾನೂನು ಬಂದ ಮೇಲೆ ಸ್ಕೂಲುಗಳಿಂದ ಸುಮಾರು 3,400 ಪುಸ್ತಕ ಹೊರಗೆ ಹೋದವು ಅಂತ ಅಲ್ಲಿನ ಡಿ ಮೋಯ್ನ್ ರಿಜಿಸ್ಟರ್ ಪತ್ರಿಕೆ ಲೆಕ್ಕ ಹಾಕಿತ್ತು. ಅತ್ತ ಇಲಿನಾಯ್ 2023ರಲ್ಲಿ, ನ್ಯೂಜೆರ್ಸಿ 2024ರ ಡಿಸೆಂಬರಲ್ಲಿ ಬರೀ ವಿಚಾರ ಹಿಡಿಸಲಿಲ್ಲ ಅಂತ ಪುಸ್ತಕ ತೆಗೆಯೋದನ್ನೇ ತಡೆಯೋ ಕಾನೂನು ಮಾಡಿದ್ವು.

ಮಹಮೂದ್ ವರ್ಸಸ್ ಟೇಲರ್ ಕೇಸನ್ನ ಈ ಚರ್ಚೆಯಲ್ಲಿ ತುಂಬಾ ಜನ ತಪ್ಪು ಕಡೆ ಎಳೀತಾರೆ. ಮೇರಿಲ್ಯಾಂಡ್‌ನ ಮಾಂಟ್‌ಗೊಮರಿ ಕೌಂಟಿಯಲ್ಲಿ ಪುಟ್ಟ ಮಕ್ಕಳ ಕ್ಲಾಸಲ್ಲಿ ಟೀಚರ್ ಎಲ್‌ಜಿಬಿಟಿಕ್ಯೂ ಪಾತ್ರಗಳಿರೋ ಕತೆ ಪುಸ್ತಕ ಓದಿ ಹೇಳೋದನ್ನ, ಅದಕ್ಕೆ ನಮ್ಮ ಮಗುವನ್ನ ಕೂರಿಸಬೇಡಿ ಅನ್ನೋ ಅವಕಾಶ ಕೊಡದೇ ಇದ್ದದ್ದನ್ನ ಮುಸ್ಲಿಂ, ಕ್ರಿಶ್ಚಿಯನ್ ಪೋಷಕರು ಪ್ರಶ್ನೆ ಮಾಡಿದ್ರು, 2025ರ ಜೂನ್ 27ಕ್ಕೆ ಸುಪ್ರೀಂ ಕೋರ್ಟ್ 6-3ರಲ್ಲಿ ಪೋಷಕರ ಪರ ಹೇಳ್ತು. ಅದು ಕ್ಲಾಸಿನ ಮಾತು. ಕ್ಲಾಸಲ್ಲಿ ಮಗು ಕೂತೇ ಇರಬೇಕು, ಕೇಳಲೇಬೇಕು. ಲೈಬ್ರರಿಯಲ್ಲಿ ಯಾರೂ ಯಾರಿಗೂ ಓದಿ ಅಂತ ಬಲವಂತ ಮಾಡಲ್ಲ, ಬೇಡದವರು ಆ ಶೆಲ್ಫ್ ಕಡೆ ತಿರುಗದೇ ಹನ್ನೆರಡು ವರ್ಷ ಸ್ಕೂಲ್ ಮುಗಿಸಬಹುದು. ಕ್ಲಾಸಿನ ತೀರ್ಪನ್ನ ತಂದು ಲೈಬ್ರರಿ ಮೇಲೆ ಹೇರೋಕೆ ಹೊರಟವರಿಗೆ ಈ ವ್ಯತ್ಯಾಸ ಗೊತ್ತಿಲ್ಲ ಅಂತ ನಾನು ನಂಬಲ್ಲ.

ಈಗ ನನಗೆ ಬ್ಯಾನಿಗಿಂತ ಹೆಚ್ಚು ಚಿಂತೆ ಹಚ್ಚಿರೋದು ಟೆಕ್ಸಸ್‌ನ ದಾರಿ. 2025ರಲ್ಲಿ ಪಾಸಾದ ಸೆನೆಟ್ ಬಿಲ್ 13ರ ಪ್ರಕಾರ ಲೈಬ್ರರಿಗೆ ತರಿಸೋ ಹೊಸ ಪುಸ್ತಕಗಳ ಪಟ್ಟಿಯನ್ನ 30 ದಿನ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು, ಆಮೇಲೆ ಬೋರ್ಡ್ ಒಪ್ಪಬೇಕು, ಒಂದು ಪುಸ್ತಕದ ಮೇಲೆ ಕಂಪ್ಲೇಂಟ್ ಬಂದ್ರೆ ತೀರ್ಮಾನ ಆಗೋ ತನಕ ಅದು ಮಕ್ಕಳಿಗೆ ಸಿಗೋ ಹಾಗಿಲ್ಲ, ಮತ್ತೆ ಸ್ಕೂಲಿನ ಆನ್‌ಲೈನ್ ಪೋರ್ಟಲ್ ಇದ್ದ ಕಡೆ ಮಗು ಪುಸ್ತಕ ತಗೊಂಡಾಗೆಲ್ಲ ಅದರ ಹೆಸರು, ಲೇಖಕರು, ಪ್ರಕಾರ, ವಾಪಸ್ ಕೊಡಬೇಕಾದ ದಿನ ಪೋಷಕರಿಗೆ ಹೋಗಬೇಕು. ಕೇಳೋಕೆ ಎಷ್ಟು ಸಹಜವಾಗಿದೆ ಅಲ್ವಾ, ಮಗು ಏನು ಓದ್ತಿದೆ ಅಂತ ಅಪ್ಪ ಅಮ್ಮನಿಗೆ ಗೊತ್ತಾದ್ರೆ ತಪ್ಪೇನು. ಹೆಚ್ಚಿನ ಮಕ್ಕಳಿಗೆ ಇದರಿಂದ ಏನೂ ಆಗಲ್ಲ. ಆದ್ರೆ ಮೊದಲು ಹೇಳಿದ ಆ ಹದಿನಾಲ್ಕು ವರ್ಷದ ಹುಡುಗನಿಗೆ? ಪುಸ್ತಕ ಶೆಲ್ಫಲ್ಲೇ ಇದೆ, ಯಾರೂ ಬ್ಯಾನ್ ಮಾಡಿಲ್ಲ, ಪೆನ್ ಅಮೆರಿಕದ ಲೆಕ್ಕಕ್ಕೂ ಅದು ಬರಲ್ಲ. ಅವನು ಮುಟ್ಟಲ್ಲ ಅಷ್ಟೆ, ಯಾಕಂದ್ರೆ ಸ್ಕ್ಯಾನ್ ಮಾಡಿದ ಸುದ್ದಿ ಅವನಿಗಿಂತ ಮೊದಲು ಮನೆ ಸೇರುತ್ತೆ ಅಂತ ಗೊತ್ತು. ಪರ್ಮಿಷನ್ ಲೆಟರ್ ತಂದ್ರೆ ಕೊಡ್ತೀವಿ ಅನ್ನೋದೂ, ಪುಸ್ತಕಗಳನ್ನ ಕೌಂಟರ್ ಹಿಂದೆ ಇಟ್ಟು ಕೇಳಿದ್ರೆ ಕೊಡ್ತೀವಿ ಅನ್ನೋದೂ ಇದೇ ಜಾತಿಯವು. ಅದೇ ವರ್ಷದ ಸೆನೆಟ್ ಬಿಲ್ 12 ಸೆಕ್ಶುವಾಲಿಟಿ, ಜೆಂಡರ್ ಆಧಾರದ ಸ್ಟೂಡೆಂಟ್ ಕ್ಲಬ್‌ಗಳಿಗೆ ಸ್ಕೂಲು ಅನುಮತಿ ಕೊಡಬಾರದು ಅಂತ ಬರೆದಿದೆ, ಹಾಗಾಗಿ ಜೊತೆಗಾರರ ಕಡೆಯಿಂದ ಸಿಗ್ತಿದ್ದ ಆಸರೆಗೂ ಕತ್ತರಿ.

ಪೋಷಕರ ಆತಂಕ ಎಲ್ಲಾ ಸುಳ್ಳು ಅಂತ ನಾನು ಹೇಳ್ತಿಲ್ಲ. ಹದಿನೇಳು ವರ್ಷದವರಿಗೆ ಬರೆದ ಪುಸ್ತಕ ಎಂಟು ವರ್ಷದ ಮಗುವಿಗೆ ಸಿಗಬಾರದು, ಅದಕ್ಕೇ ಎಲಿಮೆಂಟರಿ ಸ್ಕೂಲಿನ ಲೈಬ್ರರಿ ಬೇರೆ ಹೈಸ್ಕೂಲಿನದ್ದು ಬೇರೆ, ಆಯ್ಕೆ ಮಾಡೋಕೆ ಟ್ರೇನಿಂಗ್ ಆದ ಲೈಬ್ರೇರಿಯನ್ ಇರೋದೂ ಅದಕ್ಕೇ. ಒಂದು ಪುಸ್ತಕದ ಬಗ್ಗೆ ಆಕ್ಷೇಪ ಇದ್ರೆ ಫಾರ್ಮ್ ತುಂಬಿ ಕೊಡೋದು, ಕಮಿಟಿಯವರು ಪೂರ್ತಿ ಪುಸ್ತಕ ಓದೋದು, ಅಲ್ಲೀತನಕ ಪುಸ್ತಕ ಶೆಲ್ಫಲ್ಲೇ ಇರೋದು, ಇದು ದಶಕಗಳಿಂದ ಲೈಬ್ರರಿಗಳು ಪಾಲಿಸಿಕೊಂಡು ಬಂದ ಕ್ರಮ, ಒಳ್ಳೇ ಕ್ರಮ. ತನ್ನ ಮಗುವಿಗೆ ಇದು ಬೇಡ ಅಂತ ಒಬ್ಬ ತಾಯಿ ಹೇಳಿದ್ರೆ ಅದಕ್ಕೆ ಅರ್ಥ ಇದೆ. ಊರಿನ ಎಲ್ಲಾ ಮಕ್ಕಳಿಗೂ ಬೇಡ ಅಂದಾಗ ಅದು ಬೇರೆ ವಿಷಯ. ಅದೂ ಹೆಚ್ಚಿನ ಕಂಪ್ಲೇಂಟು ಪೋಷಕರಿಂದ ಬರ್ತಾನೂ ಇಲ್ಲ. ಅಮೆರಿಕನ್ ಲೈಬ್ರರಿ ಅಸೋಸಿಯೇಶನ್ನಿನ 2024ರ ಲೆಕ್ಕದಲ್ಲಿ ಪೋಷಕರಿಂದ ಬಂದದ್ದು ನೂರಕ್ಕೆ 16, ಸಂಘಟನೆಗಳು ಮತ್ತು ಅಧಿಕಾರದಲ್ಲಿ ಇರೋರಿಂದ ಬಂದದ್ದು 72. ಅದಕ್ಕೂ ಮುಂಚೆ 2021-22ರ ಸಾವಿರಕ್ಕೂ ಹೆಚ್ಚು ಕಂಪ್ಲೇಂಟ್‌ಗಳನ್ನ ವಾಷಿಂಗ್ಟನ್ ಪೋಸ್ಟ್ ತೆಗೆದು ನೋಡಿದಾಗ ಅದರಲ್ಲಿ ನೂರಕ್ಕೆ 60 ಬರೆದವರು ಬರೀ ಹನ್ನೊಂದು ಜನ. ಸೆಂಟ್ರಲ್ ಪಾರ್ಕ್ ಝೂನಲ್ಲಿ ಎರಡು ಗಂಡು ಪೆಂಗ್ವಿನ್ ಸೇರಿ ಒಂದು ಮರಿ ಸಾಕಿದ ನಿಜ ಕತೆಯ ಚಿತ್ರಪುಸ್ತಕ 2005ರಿಂದ ಇದೆ, ಅದರಲ್ಲಿ ಮುತ್ತೂ ಇಲ್ಲ ಏನೂ ಇಲ್ಲ, ಮೊಟ್ಟೆಗೆ ಕಾವು ಕೊಡೋದು ಬಿಟ್ರೆ, ಆದ್ರೂ ಫ್ಲಾರಿಡಾದ ಎಸ್ಕಾಂಬಿಯಾ ಕೌಂಟಿಯಲ್ಲಿ ಅದನ್ನ ತೆಗೆದ್ರು. ಹೀಗಿರುವಾಗ ಅಶ್ಲೀಲತೆ ಒಂದೇ ಕಾರಣ ಅನ್ನೋ ಮಾತನ್ನ ಹೇಗೆ ಒಪ್ಪೋದು.

ನಮ್ಮವರಿಗೂ ಇದಕ್ಕೂ ಏನು ಸಂಬಂಧ ಅಂದ್ರೆ, ಡಲ್ಲಾಸ್ ಸುತ್ತಮುತ್ತ ಫ್ರಿಸ್ಕೋ, ಪ್ಲೇನೋ, ಹ್ಯೂಸ್ಟನ್ ಪಕ್ಕದ ಕೇಟಿ, ಆಸ್ಟಿನ್, ಇಲ್ಲೆಲ್ಲಾ ಕನ್ನಡದ ಮನೆಗಳು ಬೇಕಾದಷ್ಟಿವೆ, ಆ ಮಕ್ಕಳು ಓದೋದು ಇದೇ ಪಬ್ಲಿಕ್ ಸ್ಕೂಲುಗಳಲ್ಲಿ. ನಮ್ಮ ಮನೆಗಳಲ್ಲಿ ಈ ವಿಷಯ ಮಾತಾಡೋದು ಬಿಳಿಯರ ಮನೆಗಿಂತ ಸುಲಭ ಏನಲ್ಲ, ಮದುವೆ, ಬಂಧುಗಳು, ಊರಲ್ಲಿರೋ ಅಜ್ಜಿ ಏನಂತಾರೆ, ನಾಲ್ಕು ಜನ ಏನಂದ್ಕೊಳ್ತಾರೆ, ಎಲ್ಲಾ ಒಟ್ಟಿಗೇ ಬಂದು ಆ ಮಗುವಿನ ತಲೆ ಮೇಲೆ ಕೂರ್ತಾವೆ. ಹಾಗಾಗಿ ಕೇಳದೇ ಸಿಗೋ ಜಾಗ ನಮ್ಮ ಮಕ್ಕಳಿಗೆ ಇನ್ನೂ ಹೆಚ್ಚು ಬೇಕು. ಬೋರ್ಡ್ ಮೀಟಿಂಗಿಗೆ ನಮ್ಮವರು ಹೋಗೋದು ಗಣಿತದ ಅಡ್ವಾನ್ಸ್ಡ್ ಕ್ಲಾಸ್ ತೆಗೀತಾರೆ ಅಂದಾಗ ಮಾತ್ರ. ಆದ್ರೆ ಟೆಕ್ಸಸ್ ಕಾನೂನಿನ ಪ್ರಕಾರ ಬರೋ ಲೈಬ್ರರಿ ಸಲಹಾ ಕೌನ್ಸಿಲ್‌ಗಳಲ್ಲಿ ಹೆಚ್ಚಿನ ಸೀಟು ಪೋಷಕರಿಗೇ, ಆ 30 ದಿನದ ಪಟ್ಟಿ ಬೇಡ ಅನ್ನೋರಿಗೆ ಎಷ್ಟು ತೆರೆದಿದೆಯೋ ಬೇಕು ಅನ್ನೋರಿಗೂ ಅಷ್ಟೇ ತೆರೆದಿದೆ. ಮಗು 13 ದಾಟಿದ್ರೆ ಬ್ರೂಕ್ಲಿನ್ ಪಬ್ಲಿಕ್ ಲೈಬ್ರರಿ 2022ರಿಂದ ದೇಶದ ಯಾವ ಮೂಲೆಯಲ್ಲಿದ್ರೂ 21 ವಯಸ್ಸಿನ ತನಕ ಫ್ರೀ ಇ-ಕಾರ್ಡ್ ಕೊಡ್ತಿದೆ, ಅದೂ ಗೊತ್ತಿರಲಿ. ಆ ಕಾರ್ಡಿನ ಕ್ಯೂಆರ್ ಕೋಡನ್ನ ಕ್ಲಾಸಲ್ಲಿ ಹಾಕಿದ ಓಕ್ಲಹೋಮಾದ ಒಬ್ಬ ಇಂಗ್ಲಿಷ್ ಟೀಚರ್ ತನ್ನ ಟೀಚಿಂಗ್ ಸರ್ಟಿಫಿಕೇಟನ್ನೇ 2024ರಲ್ಲಿ ಕಳ್ಕೊಂಡ್ರು.

ಕರ್ನಾಟಕದಲ್ಲಿ ಈ ಜಗಳ ಶುರುವಾಗಿಲ್ಲ, ಯಾಕಂದ್ರೆ ತೆಗೆಯೋಕೆ ಶೆಲ್ಫಲ್ಲಿ ಪುಸ್ತಕ ಇದ್ರೆ ತಾನೆ. 2007ರಲ್ಲಿ ಲೈಂಗಿಕ ಶಿಕ್ಷಣವೂ ಇದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನೇ ಬೇಡ ಅಂದ ರಾಜ್ಯಗಳಲ್ಲಿ ನಮ್ಮದೂ ಒಂದು. 2021ರ ನವೆಂಬರಲ್ಲಿ ಎನ್‌ಸಿಇಆರ್‌ಟಿ ಟ್ರಾನ್ಸ್‌ಜೆಂಡರ್ ಮಕ್ಕಳನ್ನ ಸ್ಕೂಲಲ್ಲಿ ಹೇಗೆ ಸೇರಿಸಿಕೊಳ್ಳಬೇಕು ಅಂತ ಟೀಚರುಗಳಿಗೆ ಒಂದು ಕೈಪಿಡಿ ಹಾಕಿತ್ತು, ಕಂಪ್ಲೇಂಟ್ ಬಂದು ಕೆಲವೇ ದಿನದಲ್ಲಿ ವೆಬ್‌ಸೈಟಿಂದ ಮಾಯ ಆಯ್ತು. ಆದ್ರೆ 2019ರಲ್ಲಿ ಪಾಸಾದ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ನಲ್ಲಿ ಸರ್ಕಾರದ ಮಾನ್ಯತೆ ಇರೋ ಪ್ರತಿ ಶಾಲೆಯೂ ಭೇದ ಇಲ್ಲದೆ ಎಲ್ಲರನ್ನೂ ಒಳಗೊಳ್ಳೋ ಶಿಕ್ಷಣ ಕೊಡಬೇಕು ಅಂತ ಬರೆದಿದ್ದಾರೆ, ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಲೈಬ್ರರಿ ಬೇಕು ಅನ್ನುತ್ತೆ, ಸಮಗ್ರ ಶಿಕ್ಷಾದಲ್ಲಿ ಶಾಲೆಗೆ ತಕ್ಕ ಹಾಗೆ 5,000ದಿಂದ 20,000 ರೂಪಾಯಿ ಲೈಬ್ರರಿ ಅನುದಾನಾನೂ ಇದೆ. ಆ ದುಡ್ಡಲ್ಲಿ ಬಂದ ಪುಸ್ತಕ ಎಷ್ಟೋ ಕಡೆ ಎಚ್‌ಎಂ ರೂಮಿನ ಬೀರುವಿನಲ್ಲಿ, ಬೀಗ ಹಾಕಿ. ಓದಬೇಕು ಅಂದ್ರೆ ಮೇಷ್ಟ್ರನ್ನ ಕೇಳಬೇಕು, ಕೀ ತರಿಸಬೇಕು, ರಿಜಿಸ್ಟರಲ್ಲಿ ಹೆಸರು ಬರೆಸಬೇಕು. ಯಾವ ಪುಸ್ತಕ ತಂದಿಟ್ರೂ ಈ ಬೀಗ ಇರೋ ತನಕ ನಾನು ಹೇಳ್ತಿರೋ ಮಗುವಿಗೆ ಅದು ತಲುಪಲ್ಲ.

ಪುಸ್ತಕಕ್ಕೆ ಬರ ಅಂತಾನೂ ಅಲ್ಲ. ಪದ್ಮಶ್ರೀ ತಗೊಳ್ಳುವಾಗ ಮಂಜಮ್ಮ ಜೋಗತಿ ಅವರು ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದ ವಿಡಿಯೋ ನೋಡದ ಮಗು ನಮ್ಮಲ್ಲಿ ಕಡಿಮೆ, ಅವರ ಬದುಕಿನ ಕತೆ ಕನ್ನಡದಲ್ಲಿ ಪುಸ್ತಕವಾಗಿದೆ. ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅವರದ್ದಿದೆ, ಅಂಥದ್ದೇ ಹೋರಾಟದ ಎ. ರೇವತಿ ಅವರ ಆತ್ಮಕತೆ ದು. ಸರಸ್ವತಿ ಅವರ ಅನುವಾದದಲ್ಲಿದೆ, ಸಲಿಂಗ ಪ್ರೇಮದ ಬಗ್ಗೆ ವಸುಧೇಂದ್ರ ಅವರ ಕತೆಗಳು 2013ರಿಂದ ಇವೆ. ಇವೆಲ್ಲಾ ದೊಡ್ಡವರಿಗೆ ಬರೆದವು, ಪಿಯುಸಿ ಮಕ್ಕಳಿಗೆ ಆಯ್ದು ಕೊಡಬಹುದು, ಆರನೇ ಏಳನೇ ಕ್ಲಾಸಿನವರಿಗೆ ಬೇರೆಯೇ ಬರೀಬೇಕು, ಮಕ್ಕಳ ಸಾಹಿತ್ಯ ಬರೆಯೋರು ಇದರ ಕಡೆ ಮನಸ್ಸು ಮಾಡಬೇಕು. ಪುಸ್ತಕ ಇಡೋಕೆ ಶಾಲೆಗಿಂತ ಸುಲಭದ ಜಾಗ ನನ್ನ ಪ್ರಕಾರ ಗ್ರಾಮ ಪಂಚಾಯ್ತಿ ಲೈಬ್ರರಿಗಳು. ಐದು ಸಾವಿರಕ್ಕೂ ಹೆಚ್ಚಿವೆ, 2020ರಲ್ಲಿ ಓದುವ ಬೆಳಕು ಕಾರ್ಯಕ್ರಮ ಬಂದ ಮೇಲೆ 6ರಿಂದ 18 ವಯಸ್ಸಿನ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ, ಎಷ್ಟೋ ಕಡೆ ಪುಸ್ತಕಗಳು ತೆರೆದ ರ‍್ಯಾಕಲ್ಲೇ ಇರ್ತಾವೆ. ಅಲ್ಲಿ ಸದ್ಯಕ್ಕೆ ಆಗಬೇಕಾದ್ದು ಒಂದು ಸಣ್ಣ ಬದಲಾವಣೆ. ಮಕ್ಕಳು ಪುಸ್ತಕ ತಗೊಂಡಾಗ ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಪುಸ್ತಕದ ಟೈಟಲ್ ಬರೆಯೋ ಬದಲು ಅಕ್ಸೆಷನ್ ನಂಬರ್, ಅಂದ್ರೆ ಪುಸ್ತಕ ಲೈಬ್ರರಿಗೆ ಬಂದಾಗ ಅದಕ್ಕೆ ಕೊಡೋ ಕ್ರಮಸಂಖ್ಯೆ ಮಾತ್ರ ಬರೀರಿ. ಆ ನಂಬರ್ ಹೇಗಿದ್ರೂ ಪ್ರತಿ ಪುಸ್ತಕದ ಮೇಲೂ ಇರುತ್ತೆ, ಇದಕ್ಕೆ ದುಡ್ಡೂ ಬೇಡ, ಬೆಂಗಳೂರಿಂದ ಆರ್ಡರ್ ಬರೋ ತನಕ ಕಾಯಬೇಕಾಗೂ ಇಲ್ಲ.